ಅಷ್ಟಮಿಯ ಇಳಿತ, ನವಮಿಯ ತಂಬುಳಿ

ಕುಟುಂಬದ ವಾಟ್ಸಾಪ್ ಬಳಗದಲ್ಲಿ ಒಂದು ಸಂದೇಶಕ್ಕೆ ಹದಿಮೂರು ಮಂದಿ ಹೆಬ್ಬೆರಳು ಒತ್ತಿದ್ದಾರೆಂದ ಮಾತ್ರಕ್ಕೆ ಹದಿಮೂರು ಮಂದಿ ಒಪ್ಪಿದ್ದಾರೆಂದು ಅರ್ಥವಲ್ಲ ಎಂಬುದು ನನ್ನ ಅಣ್ಣನ ಮಗನಿಗೆ ಇನ್ನೂ ತಿಳಿದಿಲ್ಲ. ಶಿರಸಿಯಿಂದ ಹೊನ್ನಾವರದ ಕಾಸರಕೋಡಿಗೆ ಒಂದು ಭಾನುವಾರ ಎಲ್ಲರೂ ಹೋಗಿಬರುವುದೆಂದು ಅವನು ಬೆಂಗಳೂರಿನಲ್ಲಿ ಕುಳಿತೇ ವೇಳಾಪಟ್ಟಿ ಸಿದ್ಧಪಡಿಸಿ ಕಳುಹಿಸಿದ್ದ. ಅದರಲ್ಲಿ ‘11.40ರಿಂದ 12.00: ಗಾಳಿಮರದ ನೆರಳಿನಲ್ಲಿ ವಿಶ್ರಾಂತಿ’ ಎಂದಿತ್ತು. ವಿಶ್ರಾಂತಿಗೆ ಇಪ್ಪತ್ತು ನಿಮಿಷ ಗೊತ್ತುಮಾಡುವವರೊಡನೆ ನಾನು ಎಲ್ಲಿಗೂ ಬರಲಾರೆ ಎಂದು ಬರೆದು, ಅಳಿಸಿ, ನಾನೂ ಹೆಬ್ಬೆರಳನ್ನೇ ಒತ್ತಿದೆ.

ಅವನ ಪಟ್ಟಿಯಲ್ಲಿ ಊಟ, ಆಟ, ಫೋಟೋ ಎಲ್ಲಕ್ಕೂ ಜಾಗವಿತ್ತು. ಕಡಲಿನ ಅನುಕೂಲವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಂದಿನಿಂದ ಮನೆಯವರಿಗೆಲ್ಲ ಅಲ್ಲಿಯ ಮರಳೇ ದೊಡ್ಡದಾಗಿದೆ. ನನಗೆ ಬೇಕಾದದ್ದು ಶರಾವತಿಯ ಅಳಿವೆಯ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಾಕಿರುವ ಕಾಲುದಾರಿ; ಅದರ ಮೇಲೆ ನಿಂತು, ನೀರಿಳಿದಾಗ ಕೆಸರಿನಿಂದ ತಲೆಯೆತ್ತುವ ಉಸಿರುಬೇರುಗಳನ್ನೂ ಅವುಗಳ ನಡುವೆ ಓಡಾಡುವ ಏಡಿಗಳನ್ನೂ ನೋಡಬೇಕು. ಉಬ್ಬರದ ಹೊತ್ತಿಗೆ ಹೋದರೆ ಕಾಣುವುದು ಹಸಿರೆಲೆ ಮತ್ತು ನೀರು; ಅಷ್ಟಕ್ಕೆ ನಮ್ಮ ತೋಟದ ಕೆರೆಯೇ ಸಾಕು. ಉಬ್ಬರವಿಳಿತಗಳು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಇಂಥ ವಿಷಯದಲ್ಲಿ ಗಡಿಯಾರಕ್ಕಿಂತ ಪಂಚಾಂಗ ಮೇಲು. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ಮಧ್ಯಾಹ್ನಕ್ಕೆ ತುಸು ಮೊದಲು ನೀರು ತುಂಬಿರುತ್ತದೆ. ಆ ಹೊತ್ತಿಗೆ ಇಳಿತ ಬೇಕೆಂದರೆ ಅಷ್ಟಮಿ ನವಮಿಗಳ ಆಸುಪಾಸಿನಲ್ಲಿ ಹೋಗಬೇಕು. ಆಗ ನೀರು ತೀರ ಕೆಳಗಿಳಿಯುವುದಿಲ್ಲ, ನಿಜ. ಏಡಿ ನೋಡುವುದಕ್ಕೆ ಅಷ್ಟು ಸಾಕು.

ನಮ್ಮ ಅತ್ತೆಯಾದರೋ ಅಷ್ಟಮಿ ನವಮಿಗಳಂದು ಅಂಗಳ ದಾಟಲೊಲ್ಲರು. ಶಾಸ್ತ್ರ ಹಾಗಿರಲಿ, ಅವರ ಕೈಯಲ್ಲಿರುವ ನಿಜವಾದ ಆಧಾರ ತಂಬುಳಿ.

ಆರು ವರ್ಷಗಳ ಹಿಂದೆ, ಇದೇ ದಾರಿಯಲ್ಲಿ, ಅವರು ಬೇಡವೆಂದರೂ ಕೇಳದೆ ನಾವು ನವಮಿಯಂದು ಹೊರಟಿದ್ದೆವು. ಕೊಟ್ಟೆ ಕಡುಬು, ಮಾವಿನಕಾಯಿ ಉಪ್ಪಿನಕಾಯಿ, ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಒಂದೆಲಗದ ತಂಬುಳಿ. ಡಬ್ಬಿ ಭಾವನ ತೊಡೆಯ ಮೇಲಿತ್ತು; ಆ ಮುಚ್ಚಳಕ್ಕೆ ತಾನೇ ಹೊಣೆ ಎಂದು ಅವರು ಹೊರಡುವಾಗಲೇ ಸಾರಿದ್ದರು. ದೇವಿಮನೆ ಘಟ್ಟದ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಮುಚ್ಚಳ ಹಾರಿತು. ಭಾವನ ಬಿಳಿಯ ಪ್ಯಾಂಟು ಹಸಿರಾಯಿತು, ಮಕ್ಕಳು ನಕ್ಕರು, ಜೀರಿಗೆ ಒಗ್ಗರಣೆಯ ವಾಸನೆ ಕುಮಟಾದವರೆಗೂ ನಮ್ಮನ್ನು ಬಿಡಲಿಲ್ಲ. ಭಾವ ಅಂದು ಇಡೀ ದಿನ ಅತ್ತೆಯ ಶಾಲು ಸುತ್ತಿಕೊಂಡು ಕಡಲ ದಂಡೆಯಲ್ಲಿ ಕುಳಿತಿದ್ದರು. ಆಮೇಲೆ ಮನೆಯಲ್ಲಿ ಎರಡು ಪಂಗಡಗಳಾದವು: ಮುಚ್ಚಳದ್ದು ತಪ್ಪು ಎನ್ನುವವರು, ಚಾಲಕನದು ತಪ್ಪು ಎನ್ನುವವರು. ಅತ್ತೆ ಎರಡಕ್ಕೂ ಸೇರಲಿಲ್ಲ. ಮರುದಿನ ದಶಮಿ, ಅದೇ ಡಬ್ಬಿಗೆ ನೀರು ತುಂಬಿ, ಮುಚ್ಚಳ ಹಾಕಿ, ಎಲ್ಲರೆದುರು ತಲೆಕೆಳಗು ಮಾಡಿ ಅಲುಗಾಡಿಸಿದರು. ಒಂದು ಹನಿಯೂ ಬೀಳಲಿಲ್ಲ. “ನೋಡು ತಮಾ, ಡಬ್ಬಿ ಸರಿಯಾಗೇ ಇದೆ” ಎಂದು ನನ್ನನ್ನೇ ನೋಡಿ ಹೇಳಿದರು. ಅಂದಿನಿಂದ ಆ ತಿಥಿಗಳ ವಿರುದ್ಧ ನಮ್ಮ ಮನೆಯಲ್ಲಿ ಯಾರೂ ವಾದಿಸಿಲ್ಲ. ಘಟ್ಟದ ಮೇಲೆ ಚಹಾಕ್ಕೆಂದು ನಿಂತಾಗ, ರುಚಿ ನೋಡುವ ಆಸೆಗೆ ಆ ಮುಚ್ಚಳ ತೆಗೆದು, ಯಾರೋ ಬಂದರೆಂದು ಅವಸರದಲ್ಲಿ ಮುಚ್ಚಿದವನು ನಾನು. ಈಗ ಅದನ್ನು ಹೇಳಿಬಿಟ್ಟರೆ ಇಳಿತವೇನೋ ನನಗೆ ಸಿಗಬಹುದು. ಭಾವನ ಎದುರು ಕುಳಿತು ಊಟ ಮಾಡುವುದು ಮಾತ್ರ ಕಷ್ಟವಾದೀತು.

ಹೀಗಾಗಿ ಅಷ್ಟಮಿ ನವಮಿಗಳೆರಡನ್ನೂ ಬಿಟ್ಟು ನಾನೇ ಪಂಚಾಂಗ ಹುಡುಕಿ ಏಕಾದಶಿಯ ಭಾನುವಾರವೊಂದನ್ನು ಸೂಚಿಸಿದೆ. ಇಳಿತ ಊಟದ ಹೊತ್ತಿಗೆ ಬರುತ್ತದೆ, ಪರವಾಗಿಲ್ಲ. ಅಣ್ಣನ ಮಗ ವಿಶ್ರಾಂತಿಯನ್ನು ಹದಿನೈದು ನಿಮಿಷಕ್ಕೆ ಇಳಿಸಿ ಹೊಸ ಪಟ್ಟಿ ಕಳುಹಿಸಿದ. ಅತ್ತೆಗೆ ಅಂದು ಉಪವಾಸ, ಅಡುಗೆಮನೆಗೆ ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಹಾಗಾದರೆ ಕಡುಬು ತಂಬುಳಿಗಳನ್ನು ಯಾರು ಮಾಡುತ್ತೀರಿ ಎಂದು ನಿನ್ನೆ ರಾತ್ರಿ ಬಳಗದಲ್ಲಿ ಕೇಳಿದ್ದೇನೆ. ಬೆಳಗಿನ ಹೊತ್ತಿಗೆ ಹದಿಮೂರು ಹೆಬ್ಬೆರಳುಗಳು ಬಂದಿವೆ.