ಬಲತೋಳು ಬಾಕಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಕರೆಂಟ್ ಹೋಯಿತು. ಬಿಳಿ ಶರ್ಟಿನ ಎಡತೋಳಿಗೆ ಇಸ್ತ್ರಿ ಹಾಕಿ ಮುಗಿಸಿದ್ದೆ. ಬಲತೋಳು, ಬೆನ್ನು, ಕಾಲರ್ ಎಲ್ಲಾ ಬಾಕಿ. ಏಳೂವರೆಗೆ ಚರ್ಚಿನಲ್ಲಿ ಪೂಜೆ. ಉಳಿದ ಶರ್ಟುಗಳೆಲ್ಲ ಬೀದಿ ಕೊನೆಯ ಇಸ್ತ್ರಿ ಗಾಡಿಯಲ್ಲಿ. ಆ ಗಾಡಿಗೂ ಭಾನುವಾರ ರಜ.

“ಹೀಗೇ ಹಾಕ್ಕೊಂಡು ಬರ್ತೀನಿ ಬಿಡು. ದೇವರು ಹೃದಯ ನೋಡ್ತಾನೆ” ಎಂದೆ.

“ದೇವರು ಹೃದಯ ನೋಡ್ತಾನೆ ರೀ. ಹಿಂದಿನ ಬೆಂಚಿನವರು ಶರ್ಟು ನೋಡ್ತಾರೆ” ಎಂದಳು ನನ್ನಾಕೆ. ಅಷ್ಟಕ್ಕೇ ಬಿಡಲಿಲ್ಲ. “ಶಿವಾಜಿನಗರದ ಚರ್ಚಿನಲ್ಲಿ ಯೇಸುವಿನ ತಾಯಿ ಮರಿಯಮ್ಮನಿಗೇ ನೆರಿಗೆ ಹಿಡಿದು ಸೀರೆ ಉಡಿಸ್ತಾರೆ. ನಿಮ್ಮದೇನು ದೊಡ್ಡ ಹೃದಯ?”

ಉತ್ತರ ಹೊಳೆಯಲಿಲ್ಲ. ಅಮ್ಮ ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ನಮ್ಮ ಅಂಗಿ ಉಜ್ಜುತ್ತಿದ್ದದ್ದು ನೆನಪಾಯಿತು. ಈಗ ಕೆಂಡ ಎಲ್ಲಿ ತರೋದು? ಸ್ಟೀಲ್ ತಂಬಿಗೆಯಲ್ಲಿ ನೀರು ಕುದಿಸಿ ಬಲತೋಳಿನ ಮೇಲೆ ಎಳೆದೆ. ಸುಕ್ಕು ಹಾಗೇ ಉಳಿಯಿತು. ತಂಬಿಗೆಯ ತಳದಲ್ಲಿದ್ದ ಮಸಿ ಮಾತ್ರ ಅರ್ಧಚಂದ್ರದ ಆಕಾರದಲ್ಲಿ ತೋಳಿಗೆ ಇಳಿಯಿತು. ಎರಡೂ ತೋಳು ಮಡಚಿದೆ. ಇಸ್ತ್ರಿ ಕಂಡಿದ್ದ ಒಂದೇ ಒಂದು ತೋಳೂ ಹಾಗೆ ಹಾಳಾಯಿತು.

ಕೊನೆಯ ಬೆಂಚಿನಲ್ಲಿ ಕೂತರೆ ಬೆನ್ನು ಯಾರಿಗೂ ಕಾಣೋದಿಲ್ಲ ಎಂದು ಲೆಕ್ಕ ಹಾಕಿದ್ದೆ. ಆದರೆ ಚರ್ಚಿನಲ್ಲಿ ಮೊದಲು ತುಂಬುವುದೇ ಕೊನೆಯ ಬೆಂಚು. ಚಿನ್ನದ ಉಂಗುರದವನಿಗೆ ‘ಇಲ್ಲಿ ಬನ್ನಿ’, ಹರಕು ಬಟ್ಟೆಯವನಿಗೆ ‘ಅಲ್ಲಿ ನಿಂತ್ಕೋ’ ಅನ್ನಬೇಡಿ ಎಂದು ಬೈಬಲಿನಲ್ಲಿ ಯಾಕೋಬ ತನ್ನ ಪತ್ರದಲ್ಲಿ ಗದರಿಸಿದ್ದಾನೆ. ನಮ್ಮಲ್ಲಿ ಯಾರೂ ಏನೂ ಅನ್ನಬೇಕಿಲ್ಲ, ಎಲ್ಲರೂ ತಾವಾಗಿಯೇ ಹಿಂದಕ್ಕೆ ಹೋಗುತ್ತಾರೆ. ಖಾಲಿ ಇದ್ದದ್ದು ಗಂಡಸರ ಕಡೆಯ ಮೊದಲನೇ ಬೆಂಚು. ಊರಿಗೆಲ್ಲ ಬೆನ್ನು ತೋರಿಸಿಕೊಂಡು ಅಲ್ಲಿ ಕೂತೆ.

ಅವತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ಕನೇ ಭಾನುವಾರ. ತಪಸ್ಸುಕಾಲದುದ್ದಕ್ಕೂ ನೇರಳೆ ಬಣ್ಣ ಉಡುವ ಗುರುಗಳು ಈ ಒಂದು ಭಾನುವಾರ ಗುಲಾಬಿ ಉಡಬಹುದು. ಆ ಬಣ್ಣಕ್ಕೆ ವರ್ಷದಲ್ಲಿ ಎರಡೇ ಸರದಿ. ಇನ್ನೊಂದು ಕ್ರಿಸ್‌ಮಸ್ಸಿಗೆ ಮುಂಚೆ, ಆಗಮನ ಕಾಲದ ಮೂರನೇ ಭಾನುವಾರ. ನಮ್ಮ ಫಾದರ್ ಗುಲಾಬಿಯಲ್ಲೇ ಬಂದರು. ಹೆಗಲಿನಿಂದ ಕೆಳಗಿನ ಅಂಚಿನವರೆಗೆ ಒಂದು ಸುಕ್ಕಿಲ್ಲ. ನಾನು ಹುಡುಕಿದೆ. ಮೊದಲನೇ ಬೆಂಚಿನಲ್ಲಿ ಕೂತವನಿಗೆ ಬೇರೆ ಕೆಲಸ ಏನಿರುತ್ತೆ?

ಆ ಭಾನುವಾರಕ್ಕೆ ಮೂರು ವರ್ಷಕ್ಕೊಮ್ಮೆ ಬರುವ ಬೈಬಲಿನ ಮೊದಲನೇ ವಾಚನವೂ ಅವತ್ತೇ ಬರಬೇಕೇ! ಪ್ರವಾದಿ ಸಮುವೇಲ ಎಣ್ಣೆ ತುಂಬಿದ ಕೊಂಬು ಹಿಡಿದು ಬೆತ್ಲೆಹೇಮಿಗೆ ಬರುತ್ತಾನೆ, ಜೆಸ್ಸೆಯನ ಮಕ್ಕಳಲ್ಲಿ ಒಬ್ಬನನ್ನು ಅರಸನನ್ನಾಗಿ ಆರಿಸೋದಕ್ಕೆ. ಹಿರಿಯ ಮಗ ಎಲೀಯಾಬ ಎದುರಿಗೆ ಬರುತ್ತಾನೆ. ಎತ್ತರದ ಆಳು. ಇವನೇ ಎಂದುಕೊಳ್ಳುತ್ತಾನೆ ಸಮುವೇಲ. ಅಲ್ಲ ಎನ್ನುತ್ತಾನೆ ದೇವರು. ಇವನ ರೂಪ, ಎತ್ತರ ನೋಡಬೇಡ, ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ನಾನು ನೋಡುವುದು ಹೃದಯವನ್ನು ಅಂತ. ಏಳು ಮಂದಿ ಹಾದು ಹೋಗುತ್ತಾರೆ. ಕೊನೆಗೆ ಕುರಿ ಕಾಯಲು ಹೋಗಿದ್ದ ಎಂಟನೆಯವನು, ದಾವೀದ, ಬರುತ್ತಾನೆ.

ನನ್ನಾಕೆಗೆ ಕಾಣಲಿ ಎಂದು ಹೆಂಗಸರ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಓದುತ್ತಿದ್ದ ಹುಡುಗಿ ಮುಂದಿನ ಸಾಲಿಗೆ ಬಂದಳು. ದಾವೀದ ಕೆಂಪಗಿದ್ದನಂತೆ. ಕಣ್ಣು ಚೆಂದವಂತೆ. ನೋಡೋದಕ್ಕೂ ಲಕ್ಷಣವಾಗಿದ್ದನಂತೆ. ನನ್ನಾಕೆ ಹುಬ್ಬು ಹಾರಿಸಿದಳು.

ಅಲ್ಲ, ಹೊರಗಿನದನ್ನು ನೋಡಬೇಡ ಅಂತ ಈಗ ತಾನೇ ಹೇಳಿ, ಐದು ವಾಕ್ಯ ದಾಟುವುದರಲ್ಲಿ ಕಣ್ಣಿನ ಚೆಂದ ವರ್ಣಿಸಿದರೆ ಹೇಗೆ? ಪ್ರಬೋಧನೆಯಲ್ಲಿ ಫಾದರ್ ಈ ಮಾತಿಗೆ ಬರಬಹುದು ಎಂದು ಕಾದೆ. ಬರಲಿಲ್ಲ. ನಾನೇ ಯೋಚಿಸುತ್ತಾ ಕೂತೆ.

ನನ್ನ ಕನಿಕರವೆಲ್ಲ ಎಲೀಯಾಬನ ಕಡೆಗೆ. ನಾನೂ ಮನೆಗೆ ಹಿರಿಯ ಮಗ. ಅಪ್ಪ ಕ್ರಿಸ್‌ಮಸ್ಸಿಗೆ ಒಂದೇ ಥಾನಿನ ಬಟ್ಟೆ ತಂದು ನಮಗೆಲ್ಲ ಒಂದೇ ತರಹದ ಅಂಗಿ ಹೊಲಿಸುತ್ತಿದ್ದರು. ಬ್ಯಾಂಡ್‌ಸೆಟ್ಟಿನವರ ಹಾಗೆ ಸಾಲಾಗಿ ನಿಲ್ಲುತ್ತಿದ್ದೆವು. ಬಂದವರು ನನ್ನ ತಲೆ ಸವರಿ ‘ಎತ್ತರ ಆಗಿದ್ದಾನೆ’ ಎನ್ನುತ್ತಿದ್ದರು. ಚಾಕಲೇಟ್ ಮಾತ್ರ ಕೊನೆಯವನ ಕೈಗೆ ಹೋಗುತ್ತಿತ್ತು. ಎಲೀಯಾಬ ಮಾಡಿದ ತಪ್ಪಾದರೂ ಏನು? ಅಪ್ಪ ಕರೆದರು, ಬಂದು ನಿಂತ. ಎತ್ತರ ಇದ್ದದ್ದು ಅವನು ಬೇಡಿ ಪಡೆದದ್ದಲ್ಲ. ಎಲ್ಲರೆದುರು ಇವನಲ್ಲ ಅನ್ನಿಸಿಕೊಂಡ. ತಮ್ಮನ ತಲೆಗೆ ಎಣ್ಣೆ ಸುರಿಯುವಾಗಲೂ ಅಣ್ಣಂದಿರು ಪಕ್ಕದಲ್ಲೇ ಇದ್ದರು ಎನ್ನುತ್ತದೆ ಬೈಬಲ್.

ಕಥೆ ಅಲ್ಲಿಗೆ ಮುಗಿಯೋದಿಲ್ಲ. ಮುಂದಿನ ಅಧ್ಯಾಯದಲ್ಲಿ ಎಲೀಯಾಬ ಅರಸ ಸೌಲನ ಸೈನ್ಯದಲ್ಲಿದ್ದಾನೆ. ಎದುರಿಗೆ ಶತ್ರುಪಡೆಯ ದೈತ್ಯ ಗೊಲಿಯಾತ. ನಲವತ್ತು ದಿನ ಎರಡು ಹೊತ್ತೂ ಅವನ ಬೈಗುಳ. ಅಂಥ ಹೊತ್ತಲ್ಲಿ ಹುರಿದ ಕಾಳು, ಹತ್ತು ರೊಟ್ಟಿ ಹೊತ್ತು ದಾವೀದ ಬರುತ್ತಾನೆ. ಬಂದವನು ಬುತ್ತಿ ಕೊಟ್ಟು ಹೋಗಬೇಕಲ್ವಾ? ಗೊಲಿಯಾತನನ್ನು ಕೊಂದವನಿಗೆ ಏನು ಕೊಡ್ತಾರೆ ಅಂತ ಸೈನಿಕರನ್ನು ವಿಚಾರಿಸುತ್ತಾ ನಿಲ್ಲುತ್ತಾನೆ. ಎಲೀಯಾಬನಿಗೆ ನೆತ್ತಿಗೇರುತ್ತದೆ. ಇಲ್ಲಿಗ್ಯಾಕೆ ಬಂದೆ, ಆ ನಾಲ್ಕು ಕುರಿ ಕಾಡಲ್ಲಿ ಯಾರ ಕೈಗೆ ಬಿಟ್ಟೆ, ನಿನ್ನ ಸೊಕ್ಕು ಗೊತ್ತು, ನಿನ್ನ ಹೃದಯದಲ್ಲಿ ಏನಿದೆ ಅಂತಲೂ ಗೊತ್ತು ಎಂದು ಬೈಯುತ್ತಾನೆ. ಹೃದಯದ ಪರೀಕ್ಷೆಯಲ್ಲಿ ನಪಾಸಾದವನು ತಮ್ಮನ ಹೃದಯಕ್ಕೆ ಮಾರ್ಕ್ಸ್ ಹಾಕೋಕೆ ಕೂತ ಹಾಗೆ! ಅದಕ್ಕೆ ದಾವೀದ ಏನಂತಾನೆ ಗೊತ್ತಾ? ನಾನೀಗ ಏನು ಮಾಡ್ದೆ? ನನ್ನ ತಮ್ಮನಿಗೆ ಐವತ್ತು ದಾಟಿದೆ, ಈಗಲೂ ಫೋನಿನಲ್ಲಿ ಇದೇ ಮಾತು.

ಹೃದಯ ನೋಡಿ ಆರಿಸಿದ ಈ ದಾವೀದನೇ ಮುಂದೊಂದು ಸಂಜೆ ಮಾಳಿಗೆ ಮೇಲೆ ಅಡ್ಡಾಡುವಾಗ ಪರರ ಹೆಂಡತಿಯನ್ನು ನೋಡಿದ. ಅವಳ ಹೃದಯವನ್ನಂತೂ ನೋಡಲಿಲ್ಲ. ಇರಲಿ, ಎಲೀಯಾಬನ ಪರ ವಕಾಲತ್ತು ಜಾಸ್ತಿಯಾಯಿತು.

ಅಷ್ಟಕ್ಕೂ ದೇವರು ಹೃದಯ ನೋಡುತ್ತಾನೆ ಅನ್ನುವುದು ಸಮಾಧಾನದ ಮಾತು ಅಂತ ಯಾರು ಹೇಳಿದರು? ಅವತ್ತು ಬೆಳಿಗ್ಗೆ ಆರೂವರೆಯಿಂದ ನನ್ನ ಹೃದಯದಲ್ಲಿ ಇದ್ದದ್ದು ಕರೆಂಟಿನವರಿಗೆ ಶಾಪ. ಆಮೇಲೆ ತಂಬಿಗೆಗೆ ಶಾಪ. ಹಿಂದಿನ ಬೆಂಚಿನವರ ಬಗ್ಗೆ ಇದ್ದದ್ದನ್ನು ಬರೆಯೋ ಹಾಗಿಲ್ಲ. ಶರ್ಟನ್ನೇ ನೋಡಿ ಬಿಟ್ಟುಬಿಡಪ್ಪಾ ಎಂದು ಬೇಡಿಕೊಳ್ಳುವ ಸ್ಥಿತಿ ನನ್ನದು.

ಪೂಜೆ ಮುಗಿಯಿತು. ಹಿಂದಿನ ಬೆಂಚಿನ ಹಿರಿಯರೊಬ್ಬರು ಬಾಗಿಲಲ್ಲಿ ಕೈ ಹಿಡಿದುಕೊಂಡು ತುಂಬಾ ಪ್ರೀತಿಯಿಂದ ಕೇಳಿದರು: “ಏನಪ್ಪಾ, ಮನೆಯವರು ತೌರಿಗೆ ಹೋಗಿದ್ದಾರಾ?”

ಮನೆಯವರು ಎರಡು ಮೆಟ್ಟಿಲು ಕೆಳಗೆ ನಿಂತಿದ್ದರು.

ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದರೆ ಕರೆಂಟ್ ಬಂದಿತ್ತು, ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಅವಳು ಶರ್ಟು ಬಿಚ್ಚಿಸಿಕೊಂಡು ಮಸಿಯ ಮೇಲೆ ಸೋಪು ತಿಕ್ಕತೊಡಗಿದಳು. ನಾನು ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಾ, ಸುಮ್ನೆ ಮಾತಾಡಿಸೋಣ ಅಂತ ಕೇಳಿದೆ:

“ಫಾದರ್ ಗುಲಾಬಿ ವಸ್ತ್ರ ಎಷ್ಟು ನೀಟಾಗಿತ್ತು ಅಲ್ವಾ? ಯಾರು ಇಸ್ತ್ರಿ ಮಾಡ್ತಾರೋ!”

“ನಾನೇ” ಎಂದಳು, ತಲೆ ಎತ್ತದೆ. “ನಿನ್ನೆ ಸಂಜೆ, ನೀವು ಮ್ಯಾಚ್ ನೋಡ್ತಾ ಕೂತಿದ್ರಲ್ಲ, ಆಗ. ಅದಕ್ಕೇ ನಿಮ್ಮ ಶರ್ಟು ಬಾಕಿ ಆಗಿದ್ದು.”