ಹಾಲು ಸರಿ, ಆದರೆ ಯಾರ ಹಾಲು?

ಎರಡು ತಿಂಗಳ ನಾಯಿಮರಿಗೆ ಹೊತ್ತಿಗೊಂದು ಬಟ್ಟಲು ಹಸುವಿನ ಹಾಲು, ಮೇಲೊಂದು ಚಮಚ ಕ್ಯಾಲ್ಸಿಯಂ ಟಾನಿಕ್ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಎಂದು ನಾಯಿಮರಿಯ ಆಹಾರದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ಒಪ್ಪಲಾರೆ. ಮೂಡಿಗೆರೆ ಬಳಿಯ ನಮ್ಮ ತೋಟದ ಮನೆಗೆ ಲ್ಯಾಬ್ರಡಾರ್ ಮರಿ ಬಂದಾಗ ನಾನೂ ಇದನ್ನೇ ಮಾಡಿದ್ದೆ. ಕೊಟ್ಟಿಗೆಯಲ್ಲೇ ಹಾಲಿರುವಾಗ ಜಿಪುಣತನವೇಕೆ ಎಂಬ ಧಾರಾಳ! ನಾಲ್ಕನೇ ದಿನ ಕಾಫಿ ಕಣದ ಉದ್ದಕ್ಕೂ ನೀರಾದ ಭೇದಿ. ಹರಡಿದ್ದ ಹಣ್ಣನ್ನು ಬದಿಗೆ ಸರಿಸಿ ತೊಳೆದವನು ನಾನೇ.

ತಾಯಿನಾಯಿಯ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಹೆಚ್ಚು, ಪ್ರೋಟೀನು ಮತ್ತು ಕೊಬ್ಬು ಅರ್ಧಕ್ಕಿಂತ ಕಡಿಮೆ. ಆ ಸಕ್ಕರೆ ಪೂರ್ತಿ ಜೀರ್ಣವಾಗದಿದ್ದರೆ ಭೇದಿಯಾಗುತ್ತದೆ. ಟಾನಿಕ್ಕಿನ ಮಾತು ಇನ್ನೂ ಅಪಾಯದ್ದು. ಸುಮಾರು 6 ತಿಂಗಳು ತುಂಬುವವರೆಗೆ ಮರಿಯ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಬೇಡವೆಂದು ಬಿಡಲಾರದು, ಕೊಟ್ಟಷ್ಟನ್ನೂ ಬಹುಪಾಲು ಹೀರಿಕೊಳ್ಳುತ್ತದೆ. ದೊಡ್ಡ ತಳಿಯಲ್ಲಿ ಇದರಿಂದಲೇ ಮೂಳೆ, ಕೀಲುಗಳ ಬೆಳವಣಿಗೆ ಕೆಡುತ್ತದೆ.

ಪಶುವೈದ್ಯರು ಟಾನಿಕ್ ನಿಲ್ಲಿಸಿ, ಜಂತುಹುಳುವಿನ ಔಷಧಿ ಕೊಟ್ಟು, ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಆಹಾರವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ದಿನಕ್ಕೆ ನಾಲ್ಕು ಹೊತ್ತು ಹಾಕಲು ಹೇಳಿದರು. ವಾರದಲ್ಲಿ ಹೊಟ್ಟೆ ಸರಿಹೋಯಿತು. ಅಮ್ಮನಿಗೆ ಮಾತ್ರ ಇಂದಿಗೂ ಬೇಸರ: ಮನೆತುಂಬ ಹಾಲಿದ್ದೂ ಮರಿಗೆ ಬರೀ ನೀರೇ?