ಆ ಒಂದು 'ಆದರೂ'

ಹೋದ ತಿಂಗಳು ಯುಕಾತಾ (ಜಪಾನಿನ ಬೇಸಗೆಯ ಹತ್ತಿ ಉಡುಪು) ಉಟ್ಟು ಬೀಸಣಿಗೆ ಹಿಡಿದು ಕುಣಿದ ಫೋಟೊ ಹಾಕಿದ್ದೆನಲ್ಲ, ಅದಕ್ಕೆ ಎರಡು ಥರದ ಮಾತು ಬಂತು. ಊರಿನಿಂದ ಚಿಕ್ಕಮ್ಮ, "ಹತ್ತು ವರ್ಷ ಭರತನಾಟ್ಯ ಕಲಿಸಿದ್ದು ಇದಕ್ಕಾ?" ಅಂದರು. ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು, "ಬೇರೆಯವರ ಸಂಸ್ಕೃತಿನ ವೇಷದ ಥರ ಹಾಕ್ಕೊಳ್ಳೋದು ತಪ್ಪಲ್ವಾ ಚಿಕ್ಕಿ?" ಅಂದಳು. ಚಿಕ್ಕಮ್ಮನನ್ನು ಫೋನಿನಲ್ಲೇ ಸಮಾಧಾನ ಮಾಡಿದೆ. ಹುಡುಗಿಯ ಪ್ರಶ್ನೆಗೆ ಒಂದು ಸಾಲಿನ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾನು ಕಲಿಯುತ್ತಿರುವುದು ನಿಹೊನ್ ಬುಯೋ. ಕಬುಕಿ ಅನ್ನುವ ನಾಟಕರಂಗದಿಂದ ಬೆಳೆದು ಬಂದ ಜಪಾನಿನ ಶಾಸ್ತ್ರೀಯ ನೃತ್ಯ. ಹನಾಯಾಗಿ, ಫುಜಿಮಾ, ವಾಕಾಯಾಗಿ, ನಿಶಿಕಾವಾ, ಬಾಂದೊ ಇದರ ದೊಡ್ಡ ಮನೆತನಗಳು, ಸಣ್ಣಪುಟ್ಟವು ಬೇಕಾದಷ್ಟಿವೆ. ಯೊಕೊಹಾಮಾದಲ್ಲಿ ನಮ್ಮ ಮನೆಯಿಂದ ಎರಡು ಸ್ಟೇಷನ್ ಆಚೆ ನನ್ನ ಸೆನ್‌ಸೇ, ಅಂದರೆ ಗುರುಗಳ ಮನೆ. ವಯಸ್ಸು ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಗರಗಸದ ಪಟ್ಟಿಯ ಹಾಗೆ ನೆಟ್ಟಗಿದೆ. ಪಾಠ ಶುರುವಾಗುವ ಮುಂಚೆ ಮಂಡಿಯೂರಿ ಕೂತು, ಮಡಿಸಿದ ಬೀಸಣಿಗೆಯನ್ನು ಮುಂದೆ ಅಡ್ಡ ಇಟ್ಟು ನಮಸ್ಕಾರ ಮಾಡಬೇಕು. ಗುರುವಿಗೂ ಶಿಷ್ಯನಿಗೂ ನಡುವೆ ಅದೊಂದು ಗೆರೆ.

ಮೊದಲ ಆರು ತಿಂಗಳು ಚಿಕ್ಕಮ್ಮ ಕಲಿಸಿದ್ದೇ ನನಗೆ ಶತ್ರುವಾಯಿತು. ನಮ್ಮ ಭರತನಾಟ್ಯದ ಅರಮಂಡಿಯಲ್ಲಿ ಮಂಡಿ ಹೊರಗೆ. ಇಲ್ಲಿ ಮಂಡಿ ಕೂಡಿರಬೇಕು, ಕಾಲ್ಬೆರಳು ಒಳಗೆ ತಿರುಗಿರಬೇಕು. ಅಲ್ಲಿ ತಟ್ಟು, ಇಲ್ಲಿ ತಾಬಿ (ಜಪಾನೀ ಕಾಲುಚೀಲ) ಹಾಕಿದ ಪಾದ ನೆಲ ಬಿಡದೆ ಜಾರಬೇಕು. ಕೈ ಹೋದಲ್ಲಿ ಕಣ್ಣು ಅಂತ ಚಿಕ್ಕಂದಿನಿಂದ ತಲೆಗೆ ತುಂಬಿಸಿಕೊಂಡವಳು ನಾನು, ಹುಬ್ಬು ತಾನಾಗಿ ಮೇಲೇಳುತ್ತೆ. ಸೆನ್‌ಸೇ ಒಮ್ಮೆ ಸಂಗೀತ ನಿಲ್ಲಿಸಿ, "ನಿನ್ನ ಮುಖ ಜಾಸ್ತಿ ಮಾತಾಡುತ್ತೆ" ಅಂದರು.

ಇನ್ನು ಕಿಮೊನೊ. ಸೀರೆ ಸೊಂಟ ತೋರಿಸುತ್ತೆ, ಕಿಮೊನೊ ಸೊಂಟ ಅಳಿಸುತ್ತೆ. ನನ್ನ ನಡುವಿಗೆ ಎರಡು ಟವೆಲ್ ಸುತ್ತಿ ಕಂಬದಂತೆ ಮಾಡಿ, ಆಮೇಲೆ ಓಬಿ ಅನ್ನುವ ನಡುಪಟ್ಟಿ ಬಿಗಿಯುತ್ತಾರೆ. ಒಂದು ದಿನ ಗಡಿಬಿಡಿಯಲ್ಲಿ ಬಲಗಡೆಯ ಅಂಚನ್ನು ಎಡಗಡೆಯದರ ಮೇಲೆ ತಂದು ಕಟ್ಟಿಕೊಂಡೆ. ಜೊತೆಯ ಹಿರಿಯ ವಿದ್ಯಾರ್ಥಿನಿ ಹಾವು ಕಂಡವರ ಹಾಗೆ ಓಡಿ ಬಂದು ಬಿಚ್ಚಿದರು. ಹಾಗೆ ಉಡಿಸುವುದು ಹೆಣಕ್ಕೆ ಮಾತ್ರವಂತೆ. ಬದುಕಿದ್ದವರಿಗೆ ಯಾವಾಗಲೂ ಎಡದ್ದೇ ಮೇಲೆ.

ಅಕ್ಕನ ಮಗಳ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2015ರಲ್ಲಿ ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ತನ್ನ ಹೆಂಡತಿಗೆ ಕೆಂಪು ಕಿಮೊನೊ ಉಡಿಸಿ 1876ರಲ್ಲಿ ಬರೆದ ಚಿತ್ರದ ಮುಂದೆ, ಬಂದವರಿಗೆಲ್ಲ ಅಂಥದ್ದೇ ಕಿಮೊನೊ ಉಡಲು ಕೊಟ್ಟರು. ಪ್ರತಿಭಟನೆಯಾಯಿತು. ಕೊನೆಗೆ ಮುಟ್ಟಿ ನೋಡಿ, ಉಡಬೇಡಿ ಅಂತಾಯಿತು. 'ಉಡಲಿ ಬಿಡಿ' ಅಂತ ಫಲಕ ಹಿಡಿದು ನಿಂತವರಲ್ಲಿ ಜಪಾನೀಯರೂ ಇದ್ದರು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು 2019ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ಒಳಉಡುಪಿನ ಬ್ರಾಂಡಿಗೆ 'ಕಿಮೊನೊ' ಅಂತಲೇ ಹೆಸರಿಟ್ಟು ಟ್ರೇಡ್‌ಮಾರ್ಕ್ ಮಾಡಲು ಹೊರಟಿದ್ದು. ಕ್ಯೋಟೊ ಮೇಯರ್ ಪತ್ರ ಬರೆದರು, ಹೆಸರು ಬದಲಾಯಿತು. ಉಡುವುದು ಬೇರೆ, ಹೆಸರಿಗೇ ಬೇಲಿ ಹಾಕುವುದು ಬೇರೆ ಮಾರಾಯ್ತಿ.

ನೃತ್ಯದಲ್ಲಂತೂ ಯಾರು ಯಾರಾಗಬಹುದು ಅನ್ನುವ ಪ್ರಶ್ನೆ ಎಂದೋ ಮುಗಿದಿದೆ. ಕಬುಕಿಯಲ್ಲಿ ಗಂಡಸರೇ ಹೆಂಗಸರಾಗುತ್ತಾರೆ. ನಾನು ಕುಣಿದದ್ದು ಫುಕುವೊಕಾ ಕಡೆಯ ಒಂದು ಜನಪದ ಹಾಡಿಗೆ: ಪಂಥ ಕಟ್ಟಿ ದೊಡ್ಡ ಬಟ್ಟಲು ಸಾಕೆ (ಅಕ್ಕಿಯ ಮದ್ಯ) ಕುಡಿದು ಈಟಿ ಗೆದ್ದ ಸಮುರಾಯಿಯ ಕಥೆ. ತೆರೆದ ಬೀಸಣಿಗೆಯೇ ಬಟ್ಟಲು. ಅದೇ ಹಾಡಿಗೆ ಎಪ್ಪತ್ತರ ಅಜ್ಜಿಯೊಬ್ಬರು ಸಮುರಾಯಿಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಅನುಮತಿಗೂ ಇಲ್ಲಿ ಪದ್ಧತಿಯಿದೆ. ವರ್ಷಗಟ್ಟಲೆ ಕಲಿತು, ಪರೀಕ್ಷೆ ಕೊಟ್ಟು, ಸಣ್ಣದಲ್ಲದ ದುಡ್ಡೂ ಕೊಟ್ಟರೆ ಮನೆತನ ತನ್ನ ಹೆಸರನ್ನೇ ನಿಮಗೆ ಕೊಡುತ್ತೆ. ನಾತೊರಿ ಅನ್ನುತ್ತಾರೆ. (ತುದಿಯಲ್ಲಿ ಕೂರುವ ಇಎಮೊತೊ, ಅಂದರೆ ಮನೆತನದ ಮುಖ್ಯಸ್ಥರ ಪೀಠ ಮಾತ್ರ ಹೆಚ್ಚಾಗಿ ವಂಶದೊಳಗೇ ಸುತ್ತುತ್ತೆ. ಆ ವಿಷಯದಲ್ಲಿ ನಮಗೂ ಅವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ.)

ನನಗೆ ಚುಚ್ಚಿದ್ದು ಇದ್ಯಾವುದೂ ಅಲ್ಲ. ಆಗಸ್ಟಿನಲ್ಲಿ ನಮ್ಮ ಯುಕಾತಾ-ಕಾಯ್ ಇತ್ತು. ಅಂದರೆ ಬೇಸಗೆಯಲ್ಲಿ ತೆಳು ಹತ್ತಿಯ ಕಿಮೊನೊ ಉಟ್ಟು ವಿದ್ಯಾರ್ಥಿಗಳು ಕುಣಿದು ತೋರಿಸುವ ದಿನ. ನಾಟ್ಯದ ಬೀಸಣಿಗೆಗೆ ಹತ್ತು ಕಡ್ಡಿ, ಉದ್ದ ಸುಮಾರು 29 ಸೆಂಟಿಮೀಟರ್. ಕಡ್ಡಿಗಳು ಕೂಡುವ ಕನಮೆ ಹತ್ತಿರ ಸಣ್ಣ ಸೀಸದ ತೂಕ ಸೇರಿಸಿರುತ್ತಾರೆ, ತೆರೆದ ಬೀಸಣಿಗೆ ಬೆರಳುಗಳ ನಡುವೆ ಗರ್ರನೆ ತಿರುಗಲಿ ಅಂತ. ಆ ತಿರುವಿಗೆ ಕನಮೆ-ಗಯೆಶಿ ಅಂತ ಹೆಸರು. ನನ್ನದು ಅರ್ಧ ತಿರುಗಿ ಟಪ್ ಅಂತ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ, ಮುಖ ಕಾದ ಹೆಂಚಾಗಿತ್ತು. ಮುಗಿದಾಗ ಆ ದಿನದ ಅತಿ ದೊಡ್ಡ ಚಪ್ಪಾಳೆ ನನಗೇ ಬಂತು! ನನ್ನ ಮುಂಚೆ ಒಂದು ಹೆಜ್ಜೆ ಮರೆತ ಅಜ್ಜಿಗೆ ಸಾಧಾರಣ ಚಪ್ಪಾಳೆ. ಒಬ್ಬಾಕೆ ಬಂದು ನನ್ನ ಕೈ ಹಿಡಿದು, "ಗಾಯ್‌ಕೊಕುಜಿನ್ ನಾನೊನಿ, ಜೋಜು" ಅಂದರು. ಹೊರದೇಶದವಳಾದರೂ ಚೆನ್ನಾಗಿ ಮಾಡ್ತೀಯ.

ಆ 'ನೊನಿ' ನಮ್ಮ 'ಆದರೂ'. ನಾವೇನು ಕಮ್ಮಿಯೇ? 1970ರ ದಶಕದಲ್ಲಿ ಅಮೆರಿಕದ ಮಾರ್ತಾ ಆಷ್ಟನ್ ಹಿರಿಯಡ್ಕ ಗೋಪಾಲರಾಯರ ಹತ್ತಿರ ಯಕ್ಷಗಾನ ಕಲಿತು, ಗಂಡಸರದ್ದೇ ಆಗಿದ್ದ ರಂಗದಲ್ಲಿ ಗೆಜ್ಜೆ ಕಟ್ಟಿದರು. ಇವತ್ತಿಗೂ ಅಂಥವರನ್ನು ಹೊಗಳುವಾಗ ನಮ್ಮ ಬಾಯಲ್ಲಿ ಮೊದಲು ಬರುವುದು 'ಪರದೇಶದವರಾದರೂ' ಅಂತಲೇ. ಹೆಜ್ಜೆ ತಾಳಕ್ಕೆ ಕೂತಿತ್ತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಮಗು ನಡೆಯಲು ಹೋಗಿ ಬಿದ್ದಾಗ ತಟ್ಟುವ ಚಪ್ಪಾಳೆ ಅದು. ನಲವತ್ತೆರಡರಲ್ಲಿ ಅದನ್ನು ಇಸಕೊಳ್ಳುವುದು ಕಷ್ಟ ಪುಟ್ಟೀ. ನೀನು ನನ್ನನ್ನು ಅಪರಾಧಿ ಅಂತೀಯ, ಅವರು ಮಗು ಅಂತಾರೆ. ಇಬ್ಬರೂ ನನ್ನ ಬೀಸಣಿಗೆ ಬಿದ್ದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸೆನ್‌ಸೇ ಕೂಡ ಆ ದಿನ ಏನೂ ಅನ್ನಲಿಲ್ಲ. ಮುಂದಿನ ಮಂಗಳವಾರ ಹೋದೆ, ಗೆರೆ ಇಟ್ಟು ನಮಸ್ಕಾರ ಮಾಡಿದೆ. ಅವರು ಸಿಡಿ ಪ್ಲೇಯರ್ ಕಡೆ ಹೋಗಲೇ ಇಲ್ಲ. ಕಾಗದ ಹರಿದ ಹಳೇ ಬೀಸಣಿಗೆಯೊಂದನ್ನು ಕೈಗಿತ್ತು, ಕನಮೆ-ಗಯೆಶಿ ಅಂದರು. ಒಂದು ಗಂಟೆ ಪೂರ್ತಿ ಅದೊಂದೇ. ಹೆಬ್ಬೆರಳಿನ ಬುಡ ಕೆಂಪಾಗಿ ಉರಿಯುತ್ತಿತ್ತು. ಹತ್ತು ಸಲ ಬಿದ್ದದ್ದನ್ನು ಎಣಿಸಿದೆ. ಹನ್ನೊಂದನೇ ಸಲ ಬಿದ್ದಾಗ ಕಿಟಕಿ ಕಡೆ ನೋಡುತ್ತಲೇ "ಮೋ ಇಚಿದೊ" ಅಂದರು, ಇನ್ನೊಂದು ಸಲ.